ತಂಗಿ ಫಾರಿನ್ ಸರ್ವಿಸ್ ಅಂತಾಳೆ, ಅಪ್ಪ ಡಿಸಿ ಆಗು ಅಂತಾರೆ: ಒಳಗಿನ ಕೆಲಸ ಗೊತ್ತಿರುವವರು ಹೇಳಿ

ಮದ್ದೂರಿನವನು:
ಎಲ್ಲರಿಗೂ ನಮಸ್ಕಾರ. ನಮ್ಮದು ಮದ್ದೂರು ಹತ್ತಿರದ ಹಳ್ಳಿ. ತಂಗಿ ಮೈಸೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಯುಪಿಎಸ್‌ಸಿಗೆ ಓದುತ್ತಿದ್ದಾಳೆ. ಪ್ರಿಲಿಮ್ಸ್ ಆಗಿದೆ. ಈಗ ಯಾವ ಸರ್ವಿಸ್ ಮೊದಲು, ಯಾವುದು ಆಮೇಲೆ ಅಂತ ಮನೆಯಲ್ಲಿ ಜಗಳ. ಅವಳು ಫಾರಿನ್ ಸರ್ವಿಸ್, ಅಂದರೆ ಹೊರದೇಶದ ನಮ್ಮ ರಾಯಭಾರ ಕಚೇರಿಗಳ ಕೆಲಸ, ಮೊದಲು ಅನ್ನುತ್ತಾಳೆ. ಅಪ್ಪನಿಗೆ ಅವಳು ಡಿಸಿ ಆಗಿ ಮಂಡ್ಯಕ್ಕೆ ಬರಬೇಕು, ಧ್ವಜ ಹಾರಿಸಬೇಕು, ಊರವರೆಲ್ಲ ನೋಡಬೇಕು. ಅಮ್ಮನಿಗೆ ಒಂದೇ ಚಿಂತೆ: ಮದುವೆ ಯಾರು ಆಗುತ್ತಾರೆ, ಅಳಿಯ ಎಲ್ಲಿರುತ್ತಾನೆ. ನನಗೆ ಈ ಕೆಲಸದ ಬಗ್ಗೆ ಟಿವಿಯಲ್ಲಿ ನೋಡಿದ್ದು ಬಿಟ್ಟರೆ ಏನೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಆಫೀಸಿಗೆ ಹೋಗಿ ಏನು ಮಾಡುತ್ತಾರೆ ಇವರು? ಕಷ್ಟ ಏನು? ಗೊತ್ತಿದ್ದವರು ಬಿಡಿಸಿ ಹೇಳಿ.

ಒಂಟಿಕೊಪ್ಪಲು ಹುಡುಗ:
ಐಎಫ್‌ಎಸ್ ಅಂದರೆ ಬಂಡೀಪುರದಲ್ಲಿ ಪೋಸ್ಟಿಂಗ್ ಅಲ್ವಾ? ಆರಾಮ ಬಿಡಿ.

ಮದ್ದೂರಿನವನು:
ಅದು ಅರಣ್ಯದ್ದು ಮಾರಾಯ, ಇದು ಫಾರಿನ್ ಸರ್ವಿಸ್, ಎರಡಕ್ಕೂ ಐಎಫ್‌ಎಸ್ ಅಂತಲೇ ಹೆಸರು. ನಮ್ಮ ದೊಡ್ಡಪ್ಪನೂ ಇದೇ ಕೇಳಿದರು, ಅವರಿಗೆ ಹೇಳಿ ಹೇಳಿ ಸಾಕಾಗಿದೆ.

ಸಕ್ಕರೆ ನಾಡು:
ದಿನಾ ಸಂಜೆ ಪಾರ್ಟಿ, ಸೂಟು, ಡ್ಯೂಟಿ ಫ್ರೀ ಬಾಟಲಿ. ಇನ್ನೇನು ಕೆಲಸ ಇದೆ ಅವರಿಗೆ? ನಮ್ಮ ತೆರಿಗೆ ದುಡ್ಡು.

ಕುವೆಂಪುನಗರದ ನಿವೃತ್ತ:
ನಾನು ಐಎಫ್‌ಎಸ್ ಅಧಿಕಾರಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಸ್ಟಾಫ್ ಸೆಲೆಕ್ಷನ್ ಪರೀಕ್ಷೆ ಬರೆದು ವಿದೇಶಾಂಗ ಸಚಿವಾಲಯಕ್ಕೆ ಅಸಿಸ್ಟೆಂಟ್ ಆಗಿ ಸೇರಿದವನು. ಕೊಲ್ಲಿಯಲ್ಲಿ, ಆಫ್ರಿಕಾದಲ್ಲಿ, ಯುರೋಪಿನಲ್ಲಿ ರಾಯಭಾರ ಕಚೇರಿಗಳಲ್ಲಿ ಅಧಿಕಾರಿಗಳ ಪಕ್ಕದ ಮೇಜಿನಲ್ಲೇ ಸರ್ವಿಸ್ ಮುಗಿಸಿದೆ.

ಸಂಜೆ ಪಾರ್ಟಿ ನಿಜ. ಆದರೆ ಅಲ್ಲಿ ಯಾರೂ ಕುಡಿದು ಕುಣಿಯುವುದಿಲ್ಲ. ಕೈಯಲ್ಲೊಂದು ಲೋಟ ಹಿಡಿದು ಮೂರು ತಾಸು ನಿಂತುಕೊಂಡು, ಆ ದೇಶದ ವಾಣಿಜ್ಯ ಇಲಾಖೆಯವನು ನಮ್ಮ ಅಕ್ಕಿಯ ಮೇಲೆ ಸುಂಕ ಏರಿಸುತ್ತಾನೋ ಇಲ್ಲವೋ ಅಂತ ಮಾತಿನ ಸಂದಿಯಲ್ಲಿ ಹಿಡಿಯಬೇಕು. ಅಲ್ಲಿ ಯಾರೂ ನೇರ ಮಾತಾಡುವುದಿಲ್ಲ, ಎಲ್ಲಾ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಮನೆಗೆ ಬಂದು ಮಲಗುವ ಹಾಗೂ ಇಲ್ಲ. ಕೇಳಿದ್ದನ್ನು ಬರೆದು ದಿಲ್ಲಿಗೆ ಕಳಿಸಬೇಕು.

ಹಗಲಿನ ಕೆಲಸ ಎಲ್ಲಾ ಕಾಗದ. ಆ ದೇಶದ ವಿದೇಶಾಂಗ ಇಲಾಖೆಗೆ ಹೋಗುವ ಪತ್ರಕ್ಕೆ ನೋಟ್ ವರ್ಬಾಲ್ ಅನ್ನುತ್ತಾರೆ. ಅದರಲ್ಲಿ 'ನಾನು' ಇಲ್ಲ. ರಾಯಭಾರ ಕಚೇರಿ ತನ್ನ ಗೌರವ ಸಲ್ಲಿಸುತ್ತದೆ ಅಂತಲೇ ಶುರುವಾಗುತ್ತದೆ, ಅದೇ ಧಾಟಿಯಲ್ಲಿ ಮುಗಿಯುತ್ತದೆ. ಪೂರ್ತಿ ಸಹಿ ಇಲ್ಲ, ಇನಿಷಿಯಲ್ ಮತ್ತು ಸೀಲು. ಎಷ್ಟೇ ಸಿಟ್ಟಿನ ವಿಷಯವಾದರೂ ಮೊದಲು ಗೌರವ ಸಲ್ಲಿಸಿ ಆಮೇಲೆ ಬೈಯಬೇಕು!

ಇನ್ನು ದೊಡ್ಡವರು ಬರುವ ದಿನ. ಯಾವ ಕಾರಿನಲ್ಲಿ ಯಾರು, ಬಾವುಟ ಯಾವ ಕಡೆ, ಯಾರಿಗೆ ಬೆಳ್ಳುಳ್ಳಿ ಆಗುವುದಿಲ್ಲ, ಯಾರ ರೂಮಿಗೆ ಬಿಸಿನೀರು ಬೇಕು, ಇದೆಲ್ಲಾ ಪಟ್ಟಿ ಮಾಡಬೇಕು. ಹೊಸದಾಗಿ ಬಂದ ಥರ್ಡ್ ಸೆಕ್ರೆಟರಿ, ಅಂದರೆ ದೇಶಕ್ಕೇ ಮೇಲಿನ ರ‍್ಯಾಂಕ್ ತೆಗೆದ ಹುಡುಗ, ಏರ್‌ಪೋರ್ಟಿನಲ್ಲಿ ನಿಂತು ಸೂಟ್‌ಕೇಸ್ ಎಣಿಸುತ್ತಾನೆ. ಒಂದು ಕಮ್ಮಿ ಬಂದರೆ ಅವನ ಕಥೆ ಮುಗಿಯಿತು.

ಸಕ್ಕರೆ ನಾಡು:
ಸೂಟ್‌ಕೇಸ್ ಎಣಿಸುವುದಕ್ಕೆ ಯುಪಿಎಸ್‌ಸಿ ಬೇಕಾ ಸಾರ್?

ಕುವೆಂಪುನಗರದ ನಿವೃತ್ತ:
ಡಿಸಿ ಆದವರು ಮಂತ್ರಿ ಬಂದಾಗ ಏನು ಮಾಡುತ್ತಾರೆ, ಒಂದು ಸಲ ಹೋಗಿ ನೋಡಿ.

ಪಾಂಡವಪುರ ಎಕ್ಸ್‌ಪ್ರೆಸ್:
ಇವರ ಕಷ್ಟ ಕೇಳಿ ಕಣ್ಣೀರು ಬಂತು. ನಮ್ಮ ಕಷ್ಟ ಯಾರು ಕೇಳುತ್ತಾರೆ? ನಮ್ಮ ಚಿಕ್ಕಪ್ಪನ ಮಗ ಡ್ರೈವರ್ ಕೆಲಸ ಅಂತ ಗಲ್ಫಿಗೆ ಹೋದ. ಅಲ್ಲಿ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು ಒಂಟೆ ಕಾಯುವುದಕ್ಕೆ ಹಾಕಿದರು. ನಮ್ಮ ದೇಶದ ಕಚೇರಿಗೆ ಫೋನ್ ಮಾಡಿದರೆ ಮ್ಯೂಸಿಕ್ಕು. ಎತ್ತಿದರೆ ಹಿಂದಿ. ಕೊನೆಗೆ ಅಲ್ಲಿನ ಕನ್ನಡ ಸಂಘದವರೇ ಊಟ ಕೊಟ್ಟು, ವಕೀಲರನ್ನು ಹುಡುಕಿ, ಟಿಕೆಟ್‌ಗೆ ಚಂದಾ ಎತ್ತಿ ಕಳಿಸಿದರು. ಆಫೀಸರುಗಳು ಏನು ಕಡಿದು ಕಟ್ಟೆ ಹಾಕಿದರು ಹೇಳಿ ನೋಡೋಣ.

ಕುವೆಂಪುನಗರದ ನಿವೃತ್ತ:
ಪಾಂಡವಪುರದವರೇ, ಫೋನ್ ಎತ್ತದಿದ್ದದ್ದು ತಪ್ಪೇ, ಅದನ್ನು ಸಮರ್ಥಿಸುವುದಿಲ್ಲ. ನಮ್ಮಲ್ಲಿ ಒಳ್ಳೆಯವರಷ್ಟೇ ಸೋಮಾರಿಗಳೂ ಇದ್ದರು. ಆದರೆ ನಿಮ್ಮ ತಮ್ಮ ಹೋದದ್ದು ಯಾವ ವೀಸಾದಲ್ಲಿ? ವಿಸಿಟ್ ವೀಸಾದಲ್ಲಿ ಏಜೆಂಟ್ ಕಳಿಸಿದ್ದರೆ ನಮ್ಮ ದಾಖಲೆಯಲ್ಲಿ ಅವನು ಕೆಲಸಕ್ಕೆ ಹೋದವನೇ ಅಲ್ಲ. ಹತ್ತನೇ ಕ್ಲಾಸ್ ಪಾಸಾಗದವರು ಇಂಥ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಇಮೈಗ್ರೇಟ್ ಅನ್ನುವ ಸರ್ಕಾರದ ಪೋರ್ಟಲ್‌ನಲ್ಲಿ ಕ್ಲಿಯರೆನ್ಸ್ ಬೇಕು. ಅದಾದರೆ ಕಾಂಟ್ರಾಕ್ಟ್ ದಾಖಲಾಗಿರುತ್ತದೆ, 10 ಲಕ್ಷದ ಅಪಘಾತ ವಿಮೆ ಇರುತ್ತದೆ. ಏಜೆಂಟ್‌ಗಳು ಇದೆಲ್ಲಾ ತಪ್ಪಿಸಲೆಂದೇ ವಿಸಿಟ್ ವೀಸಾ ಮಾಡಿಸುವುದು.

ಇನ್ನೊಂದು. ಪರದೇಶದಲ್ಲಿ ನಮ್ಮವರು ಜೈಲಿಗೆ ಬಿದ್ದರೆ ರಾಯಭಾರಿ ಹೋಗಿ ಬಿಡಿಸಿಕೊಂಡು ಬರುತ್ತಾರೆ ಅಂತ ಜನ ತಿಳಿದಿದ್ದಾರೆ. ಆ ಅಧಿಕಾರ ಯಾವ ರಾಯಭಾರಿಗೂ ಇಲ್ಲ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಪ್ರಕಾರ ಹೋಗಿ ಭೇಟಿ ಮಾಡಬಹುದು, ವಕೀಲರ ವ್ಯವಸ್ಥೆ ಮಾಡಬಹುದು, ಅಷ್ಟೇ. ಪಾಕಿಸ್ತಾನದ ಜೈಲಿನಲ್ಲಿರುವ ಕುಲಭೂಷಣ್ ಜಾಧವ್ ವಿಷಯದಲ್ಲಿ ನಾವು ಹೇಗ್‌ನ ಕೋರ್ಟಿಗೆ ಹೋದದ್ದೂ ಇದೇ ಭೇಟಿಯ ಹಕ್ಕು ಕೊಡಲಿಲ್ಲ ಅಂತ. 2019ರಲ್ಲಿ ತೀರ್ಪು ನಮ್ಮ ಕಡೆ ಬಂತು, ಆದರೂ ಬಿಡಿಸಿಕೊಂಡು ಬರಲು ಆಗಿಲ್ಲ.

ಪಾಂಡವಪುರ ಎಕ್ಸ್‌ಪ್ರೆಸ್:
ವಿಸಿಟ್ ವೀಸಾನೇ ಸಾರ್. ಏಜೆಂಟ್ ಈಗ ಊರಲ್ಲೇ ಬುಲೆಟ್ ಓಡಿಸಿಕೊಂಡು ತಿರುಗುತ್ತಿದ್ದಾನೆ. ಆದರೂ ಫೋನ್ ಎತ್ತಬೇಕಿತ್ತು.

ಹುಣಸೂರು ಹೊಗೆಸೊಪ್ಪು:
ಹೆಲ್ಪ್ ಮಾಡಿದ್ದನ್ನೂ ಹೇಳಬೇಕಲ್ಲ. ನಮ್ಮ ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ, ಕೂದಲ ಎಣ್ಣೆ ಮಾರಿಕೊಂಡು ಆಫ್ರಿಕಾ ಎಲ್ಲಾ ಸುತ್ತುತ್ತಾರೆ. ಡಿಗ್ರಿ ಓದಿದ ನಾನು ಬೆಂಗಳೂರು ದಾಟಿಲ್ಲ, ಅವರ ಪಾಸ್‌ಪೋರ್ಟಿನಲ್ಲಿ ಸೀಲು ಹಾಕಲು ಜಾಗ ಇಲ್ಲ. 2023ರ ಏಪ್ರಿಲ್ 15ಕ್ಕೆ ಸುಡಾನ್‌ನಲ್ಲಿ ಎರಡು ಸೇನೆಗಳ ನಡುವೆ ಯುದ್ಧ ಶುರುವಾಯಿತಲ್ಲ, ಆಗ ಇವರು ಅಲ್ಲೇ ಸಿಕ್ಕಿಬಿದ್ದರು. ಅನ್ನ ನೀರು ಇಲ್ಲದೆ ಬಾಡಿಗೆ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರು. ಇಲ್ಲಿ ಚುನಾವಣೆ ಕಾಲ. ಸಿದ್ದರಾಮಯ್ಯ ಒಂದು ಟ್ವೀಟ್, ಜೈಶಂಕರ್ ಒಂದು ಟ್ವೀಟ್. ಟಿವಿಯವರಿಗೆ ಹಬ್ಬ. ಆಮೇಲೆ ಪೋರ್ಟ್ ಸುಡಾನ್‌ವರೆಗೆ ಬಸ್ಸು, ಅಲ್ಲಿಂದ ನೌಕಾಪಡೆಯ ಹಡಗು ಇಲ್ಲಾ ವಿಮಾನದಲ್ಲಿ ಜೆದ್ದಾ, ಅಲ್ಲಿಂದ ಊರು. ಆಪರೇಷನ್ ಕಾವೇರಿ ಅಂತ ಹೆಸರು. ಸುಮಾರು 3,800 ಜನ ಬಂದರು.

ಕುವೆಂಪುನಗರದ ನಿವೃತ್ತ:
ಖಾರ್ಟೂಮ್ ಗಲಾಟೆಯಲ್ಲಿ ನಮ್ಮ ರಾಯಭಾರ ಕಚೇರಿಗೇ ಯಾರೂ ಹೋಗಲಾಗದ ಸ್ಥಿತಿ ಇತ್ತು. ಕಚೇರಿಯವರು ಬೇರೆ ಬೇರೆ ಕಡೆ ಕೂತು ಫೋನಿನಲ್ಲೇ ಜನರನ್ನು ಗುಂಪು ಮಾಡಿದರು. ಬಸ್ಸಿಗೆ ಡೀಸೆಲ್ ಹುಡುಕುವುದು, ಡ್ರೈವರ್‌ನನ್ನು ಒಪ್ಪಿಸುವುದು, ಯಾವ ರಸ್ತೆ ಇವತ್ತು ಯಾರ ಕೈಯಲ್ಲಿದೆ ಅಂತ ತಿಳಿಯುವುದು, ಇದೇ ಆಗ ರಾಜತಾಂತ್ರಿಕ ಕೆಲಸ. ಇದಕ್ಕೆ ಯಾವ ಅಕಾಡೆಮಿಯಲ್ಲೂ ಪಾಠ ಇಲ್ಲ.

ಚೆನ್ನಮ್ಮನಕೊಪ್ಪಲು:
ಆಪರೇಷನ್ ಕಾವೇರಿ ಅಂತ ಹೆಸರಿಟ್ಟರು, ಕಾವೇರಿ ನೀರು ಮಾತ್ರ ಬಿಟ್ಟೇ ಬಿಟ್ಟರು. 😀

ಕೆಆರ್‌ಎಸ್ ಗೇಟ್:
ನಿಜವಾದ ರಾಜತಾಂತ್ರಿಕತೆ ಬೇಕಿದ್ದದ್ದು ಅಲ್ಲೇ. 1892, 1924 ಎರಡೂ ಒಪ್ಪಂದ ಮೈಸೂರಿಗೆ ಕೈ ಕಟ್ಟಿಸಿ ಮಾಡಿಸಿಕೊಂಡದ್ದು. ಎದುರಿಗೆ ಕೂತವರು ಮದ್ರಾಸ್, ಅವರ ಬೆನ್ನಿಗೆ ಬ್ರಿಟಿಷ್ ಸರ್ಕಾರ. ಸಂಸ್ಥಾನಕ್ಕೆ ಏನು ಬಲ ಇತ್ತು? ಅಷ್ಟಾದರೂ ನಮ್ಮ ದಿವಾನರು ಕಾಗದ ಬರೆದು ಬರೆದು ಕನ್ನಂಬಾಡಿ ಕಟ್ಟೆ ಉಳಿಸಿಕೊಂಡರು.

ಸಕ್ಕರೆ ನಾಡು:
2018ರಲ್ಲಿ ಸುಪ್ರೀಂ ಕೋರ್ಟ್ 14.75 ಟಿಎಂಸಿ ಜಾಸ್ತಿ ಕೊಟ್ಟಿತಲ್ಲ, ಅದಕ್ಕೆ ಕಾರಣ ವಕೀಲರು, ರಾಯಭಾರಿಗಳಲ್ಲ.

ಕೆಆರ್‌ಎಸ್ ಗೇಟ್:
ಮಳೆ ಬಂದ ವರ್ಷ ಎಲ್ಲರೂ ಬುದ್ಧಿವಂತರು. ಬರದ ವರ್ಷ ಹೇಗೆ ಹಂಚಿಕೊಳ್ಳಬೇಕು ಅನ್ನುವುದು ಇವತ್ತಿಗೂ ಸರಿಯಾಗಿ ಬಗೆಹರಿದಿಲ್ಲ. ಅದಕ್ಕೆ ಕೂತು ಮಾತಾಡುವವರೇ ಬೇಕು.

ಮದ್ದೂರಿನವನು:
ಅಣ್ಣಂದಿರಾ, ಕಾವೇರಿ ಶುರುವಾದರೆ ನಾಳೆ ಹೆದ್ದಾರಿ ಬಂದ್ ಆಗುತ್ತದೆ. ತಂಗಿ ವಿಷಯಕ್ಕೆ ಬನ್ನಿ. ಡಿಸಿ ಮಾತು ಏನು ಮಾಡಲಿ?

ಗಂಗೋತ್ರಿ ಕ್ಯಾಂಪಸ್:
ನಿಮ್ಮ ತಂದೆಗೆ ಒಂದು ಮಾತು ಹೇಳಿ. ಐಎಎಸ್ ಸಿಕ್ಕರೂ ಕರ್ನಾಟಕ ಕೇಡರ್ ಸಿಗುತ್ತದೆ ಅಂತ ಗ್ಯಾರಂಟಿ ಇಲ್ಲ. ಬಿಹಾರಕ್ಕೋ ನಾಗಾಲ್ಯಾಂಡಿಗೋ ಹೋದರೆ ಮಂಡ್ಯದ ಧ್ವಜ ಎಲ್ಲಿಂದ ಹಾರಿಸುತ್ತಾಳೆ? ಇನ್ನೊಂದು ವಿಷಯ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಒಂದು ಸಲ ಐಎಫ್‌ಎಸ್ ಸೇರಿದ ಮೇಲೆ, ಸೇವೆಯಲ್ಲಿ ಇದ್ದುಕೊಂಡೇ ಮತ್ತೆ ಪರೀಕ್ಷೆ ಬರೆದು ಐಎಎಸ್‌ಗೆ ಹಾರುವ ಹಾಗಿಲ್ಲ. ಹಾಗಾಗಿ ಮೊದಲು ಹಾಕುವಾಗಲೇ ಮನಸ್ಸು ಗಟ್ಟಿ ಇರಬೇಕು.

ಬಂಡಿಪಾಳ್ಯ:
ಸಂಬಳ ಎಷ್ಟು ಬರುತ್ತೆ? ಯಾರೂ ಇದನ್ನ ಹೇಳ್ತಿಲ್ಲ.

ಗಂಗೋತ್ರಿ ಕ್ಯಾಂಪಸ್:
ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಶುರುವಿನ ಬೇಸಿಕ್ 56,100. ಐಎಎಸ್‌ಗೂ ಅಷ್ಟೇ. ಹೊರದೇಶದಲ್ಲಿ ಇರುವಾಗ ಅದರ ಮೇಲೆ ಫಾರಿನ್ ಅಲೊವೆನ್ಸ್, ಮನೆ ಬಾಡಿಗೆ ಸರ್ಕಾರದ್ದು. ದಿಲ್ಲಿಗೆ ವಾಪಸ್ ಬಂದ ತಿಂಗಳಿಂದ ಮತ್ತೆ ಸಾದಾ ಸಂಬಳ. ಅಲ್ಲಿ ಕಾರು ಓಡಿಸಿದವರು ಇಲ್ಲಿ ಮೆಟ್ರೋ ಕಾಯುತ್ತಾರೆ.

ಜಯಲಕ್ಷ್ಮೀಪುರಂ ಅತ್ತಿಗೆ:
ನಾನು ಇದನ್ನು ಮನೆಯೊಳಗಿಂದ ನೋಡಿದವಳು, ನನ್ನ ಯಜಮಾನರು ಫಾರಿನ್ ಸರ್ವಿಸ್. ಮದ್ದೂರಿನ ತಮ್ಮ, ನಿಮ್ಮ ಅಮ್ಮ ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ.

ಮೂರು ವರ್ಷಕ್ಕೊಮ್ಮೆ ಮನೆ ಎತ್ತಬೇಕು. ಕಷ್ಟದ ಊರು ಅಂತ ಗುರುತಿಸಿರುವ ಕಡೆ ಆದರೆ ಎರಡೇ ವರ್ಷ. ನಾನು ಮೈಸೂರಿನಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಮದುವೆಯಾಗಿ ಮೊದಲ ಪೋಸ್ಟಿಂಗ್‌ಗೇ ಬಿಟ್ಟೆ. ಜೊತೆಗೆ ಹೋದ ಗಂಡ ಅಥವಾ ಹೆಂಡತಿ ಆ ದೇಶದಲ್ಲಿ ಕೆಲಸ ಮಾಡಬೇಕಾದರೆ ಎರಡೂ ದೇಶಗಳ ನಡುವೆ ಅದಕ್ಕೆಂದೇ ಒಪ್ಪಂದ ಇರಬೇಕು. ಇದ್ದ ಕಡೆ ಭಾಷೆ ಬರುವುದಿಲ್ಲ, ಭಾಷೆ ಬರುವ ಕಡೆ ಒಪ್ಪಂದ ಇರುವುದಿಲ್ಲ. ನನ್ನ ಪಿಎಚ್‌ಡಿ ಈಗ ಅಟ್ಟದ ಮೇಲೆ ಇದೆ.

ಮಕ್ಕಳದ್ದು ಇನ್ನೊಂದು ಗೋಳು. ಹೊರದೇಶದಲ್ಲಿ ಕೇಂದ್ರೀಯ ವಿದ್ಯಾಲಯ ಇರುವುದೇ ಮೂರು ಕಡೆ: ಕಠ್ಮಂಡು, ಮಾಸ್ಕೋ, ಟೆಹರಾನ್. ಉಳಿದ ಕಡೆ ಅಲ್ಲಿ ಸಿಕ್ಕ ಸ್ಕೂಲು. ನನ್ನ ಮಗ ಒಂದು ದೇಶದಲ್ಲಿ ಫ್ರೆಂಚ್‌ನಲ್ಲಿ ಲೆಕ್ಕ ಕಲಿತ, ಮುಂದಿನ ದೇಶದಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಮೊದಲಿಂದ. ಅಜ್ಜಿ ಜೊತೆ ಕನ್ನಡ ಮಾತಾಡುತ್ತಾನೆ, ಬರೆಯುವುದಕ್ಕೆ ಬರುವುದಿಲ್ಲ. ಅತ್ತೆ ತೀರಿಕೊಂಡಾಗ ಯಜಮಾನರಿಗೆ ಬರಲಾಗಲಿಲ್ಲ. ಅಲ್ಲಿ ಮಂತ್ರಿಗಳ ಭೇಟಿ ಇತ್ತು, ವಿಮಾನ ಸಿಕ್ಕರೂ ಎರಡು ದಿನದ ದಾರಿ. ಮೈದುನನೇ ಕಾರ್ಯ ಮಾಡಿದ.

ಹಾಗಂತ ಬೇಡ ಅನ್ನುತ್ತಿಲ್ಲ. ಕೇಳಿದರೆ ಇವರು ಇನ್ನೊಂದು ಸಲವೂ ಇದೇ ಆರಿಸಿಕೊಳ್ಳುತ್ತಾರೆ. ನನ್ನನ್ನು ಮಾತ್ರ ಕೇಳಬೇಡಿ.

ಮದ್ದೂರಿನವನು:
ಅತ್ತಿಗೆ, ಇದನ್ನು ಅಮ್ಮನಿಗೆ ಓದಿ ಹೇಳಿದೆ. ಈಗ ಅಮ್ಮ ಅಪ್ಪನ ಪಾರ್ಟಿ.

ವಿರಾಜಪೇಟೆ ಟು ಮೈಸೂರು:
ಹೆಣ್ಣುಮಕ್ಕಳ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಫಾರಿನ್ ಸರ್ವಿಸ್ ಸೇರಿದ ಮೊದಲ ಮಹಿಳೆ ನಮ್ಮ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ, 1949ರಲ್ಲಿ. ಆಗ ಹೆಣ್ಣು ಅಧಿಕಾರಿ ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಬೇಕಿತ್ತು. ಮದುವೆಯಾದ ಮೇಲೆ ಸಂಸಾರದಿಂದ ಕೆಲಸಕ್ಕೆ ಅಡ್ಡಿ ಅನ್ನಿಸಿದರೆ ರಾಜೀನಾಮೆ ಕೇಳಬಹುದಿತ್ತು. ಗಂಡಸರಿಗೆ ಈ ರೂಲ್ ಇಲ್ಲ! ಬಡ್ತಿ ತಪ್ಪಿಸಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋಗಿ 1979ರಲ್ಲಿ ಗೆದ್ದರು.

ಅಗ್ರಹಾರದ ಲಾಯರ್:
ಚಿಕ್ಕ ತಿದ್ದುಪಡಿ. ಕಾಗದದ ಮೇಲೆ ಗೆಲ್ಲಲಿಲ್ಲ, ಅರ್ಜಿ ವಜಾ ಆಯಿತು. ಕೇಸು ನಡೆಯುತ್ತಿರುವಾಗಲೇ ಸರ್ಕಾರ ಅವರಿಗೆ ಬಡ್ತಿ ಕೊಟ್ಟುಬಿಟ್ಟಿತ್ತು. ಆದರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪಿನಲ್ಲಿ ಆ ನಿಯಮಗಳನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು, ಹೆಂಗಸರ ವಿರುದ್ಧದ ಭೇದ ತೆಗೆಯಲು ಸರ್ವಿಸ್ ರೂಲ್ಸ್ ಎಲ್ಲಾ ಪರಿಶೀಲಿಸಿ ಅಂದರು.

ವಿರಾಜಪೇಟೆ ಟು ಮೈಸೂರು:
ವಜಾ ಆಗಿಯೂ ರೂಲ್ ಬದಲಾಯಿತಲ್ಲ ಸಾರ್, ನಮ್ಮ ಕಡೆ ಅದನ್ನು ಗೆಲುವು ಅಂತಲೇ ಅನ್ನುತ್ತೇವೆ.

ಅಗ್ರಹಾರದ ಲಾಯರ್:
ಒಪ್ಪಿದೆ. ಬಂದಿದ್ದಕ್ಕೆ ಇನ್ನೊಂದು. ರಾಜತಾಂತ್ರಿಕರನ್ನು ಯಾರೂ ಮುಟ್ಟುವ ಹಾಗಿಲ್ಲ, ಏನು ಮಾಡಿದರೂ ನಡೆಯುತ್ತದೆ ಅಂತ ಒಂದು ನಂಬಿಕೆ ಇದೆ. ರಾಯಭಾರ ಕಚೇರಿಯವರಿಗೆ 1961ರ ವಿಯೆನ್ನಾ ಒಪ್ಪಂದದ ಪೂರ್ತಿ ರಕ್ಷಣೆ ಇದೆ. ಕಾನ್ಸುಲೇಟ್, ಅಂದರೆ ಆ ದೇಶದ ಬೇರೆ ಊರುಗಳಲ್ಲಿರುವ ನಮ್ಮ ಕಚೇರಿ, ಅಲ್ಲಿನವರಿಗೆ ಅಷ್ಟಿಲ್ಲ, ಕಚೇರಿ ಕೆಲಸಕ್ಕೆ ಸಂಬಂಧಿಸಿದ್ದಕ್ಕೆ ಮಾತ್ರ. 2013ರಲ್ಲಿ ನ್ಯೂಯಾರ್ಕಿನಲ್ಲಿ ನಮ್ಮ ಡೆಪ್ಯುಟಿ ಕಾನ್ಸುಲ್ ಜನರಲ್ ಬಂಧನ ಆದಾಗ ಇಡೀ ಜಗಳ ಇದೇ ಗೆರೆಯ ಮೇಲೆ ನಡೆದದ್ದು. ಪೂರ್ತಿ ರಕ್ಷಣೆ ಇದ್ದವರಿಗೂ ಆ ದೇಶದ ಕಾನೂನು ಪಾಲಿಸುವ ಬಾಧ್ಯತೆ ಇದೆ. ಇಲ್ಲದಿದ್ದರೆ ಕಾರಣವನ್ನೂ ಹೇಳದೆ ಗಂಟುಮೂಟೆ ಕಟ್ಟಿಸಬಹುದು.

ಒಂಟಿಕೊಪ್ಪಲು ಹುಡುಗ:
ಅಂದರೆ ಸಿಗ್ನಲ್ ಜಂಪ್ ಮಾಡಿದರೆ ಫೈನ್ ಕಟ್ಟಬೇಕಾ?

ಅಗ್ರಹಾರದ ಲಾಯರ್:
ಕಟ್ಟಬೇಕು. ವಸೂಲಿ ಮಾಡುವುದು ಕಷ್ಟ, ಅದು ಬೇರೆ.

ಗಂಗೋತ್ರಿ ಕ್ಯಾಂಪಸ್:
ಭಾಷೆ ವಿಷಯ ಯಾರೂ ಎತ್ತಲಿಲ್ಲ. ಸೇರಿದ ಮೇಲೆ ಒಂದು ವಿದೇಶಿ ಭಾಷೆ ಕಡ್ಡಾಯ: ಚೈನೀಸ್, ಅರೇಬಿಕ್, ರಷ್ಯನ್, ಹೀಗೆ ಯಾವುದೋ ಒಂದು. ಆ ಭಾಷೆ ಆಡುವ ಕಡೆಗೇ ಮೊದಲ ಪೋಸ್ಟಿಂಗ್, ಅಲ್ಲೇ ಕಲಿತು ಪರೀಕ್ಷೆ ಪಾಸು ಮಾಡಬೇಕು. ಆಗಲೇ ಕೆಲಸ ಖಾಯಂ. ಅರೇಬಿಕ್ ಬಂದರೆ ಕೊಲ್ಲಿ, ಈಜಿಪ್ಟ್, ಸಿರಿಯಾ ಕಡೆ ಮತ್ತೆ ಮತ್ತೆ ಕರೆಯುತ್ತಾರೆ. ಇಪ್ಪತ್ತೈದನೇ ವಯಸ್ಸಿನಲ್ಲಿ ಸಿಕ್ಕ ಭಾಷೆ ಮುಂದಿನ ಬದುಕಿನ ನಕ್ಷೆ ಬರೆಯುತ್ತದೆ ಅನ್ನಿ.

ಮೈಸೂರಿಗೂ ಇದಕ್ಕೂ ನಂಟು ಇದೆ, ಗೊತ್ತಾ? ಚೀನಾದಲ್ಲಿ ನಮ್ಮ ರಾಯಭಾರಿಯಾಗಿದ್ದ ಕೆ.ಎಂ. ಪಣಿಕ್ಕರ್ ಕೊನೆಗೆ ನಮ್ಮ ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದರು, 1963ರಲ್ಲಿ ತೀರಿಕೊಂಡಾಗಲೂ ಅದೇ ಹುದ್ದೆ. 1950ರ ಅಕ್ಟೋಬರ್‌ನಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲೈ ಅವರನ್ನು ನಡುರಾತ್ರಿ ಎಬ್ಬಿಸಿ ಕರೆಸಿಕೊಂಡರು. ಅಮೆರಿಕದ ಸೇನೆ ಕೊರಿಯಾದಲ್ಲಿ 38ನೇ ಅಕ್ಷಾಂಶ (ಎರಡು ಕೊರಿಯಾಗಳ ನಡುವಿನ ಗೆರೆ) ದಾಟಿದರೆ ನಾವು ಯುದ್ಧಕ್ಕೆ ಇಳಿಯುತ್ತೇವೆ ಅಂದರು. ಪಣಿಕ್ಕರ್ ದಿಲ್ಲಿಗೆ ತಿಳಿಸಿದರು, ದಿಲ್ಲಿಯಿಂದ ಅಮೆರಿಕ, ಬ್ರಿಟನ್‌ಗೆ ಹೋಯಿತು. ಪಣಿಕ್ಕರ್ ಚೀನಾ ಕಡೆಯವರು, ಅವರ ಮಾತು ಲೆಕ್ಕಕ್ಕಿಲ್ಲ ಅಂತ ಅಮೆರಿಕದವರು ತಳ್ಳಿಹಾಕಿದರು. ಸೇನೆ ದಾಟಿತು, ಚೀನಾ ಬಂದೇ ಬಂತು. ಸರಿಯಾದ ಸುದ್ದಿ ಸರಿಯಾದ ಹೊತ್ತಿಗೆ ಕೊಟ್ಟರೂ ಕೇಳುವವರು ಕೇಳದಿದ್ದರೆ ರಾಯಭಾರಿ ಏನು ಮಾಡಬೇಕು? ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಕಷ್ಟ ಅನ್ನಿಸುವುದು ಇದೇ.

ಸಕ್ಕರೆ ನಾಡು:
ಇದು ಗೊತ್ತಿರಲಿಲ್ಲ. ಒಳ್ಳೆ ಮಾಹಿತಿ. (ಆದರೂ ಡ್ಯೂಟಿ ಫ್ರೀ ಬಾಟಲಿ ಇದೆ ತಾನೇ?)

ಕುವೆಂಪುನಗರದ ನಿವೃತ್ತ:
ಇದೆ. ಸಂತೋಷ ಆಯಿತಾ?

ಮದ್ದೂರಿನ ತಮ್ಮ ದಿನದ ಕೆಲಸ ಕೇಳಿದ್ದಕ್ಕೆ ಇನ್ನೊಂದು ಹೇಳಿ ಮುಗಿಸುತ್ತೇನೆ. ಕೊಲ್ಲಿಯಲ್ಲಿ ನಮ್ಮವರೊಬ್ಬರು ತೀರಿಕೊಂಡರೆ ಶವ ಕಳಿಸುವುದಕ್ಕೆ ಬೇಕಾಗುವ ಕಾಗದ ನೋಡಿ. ಅಲ್ಲಿನ ಮರಣ ಪತ್ರ, ಆಸ್ಪತ್ರೆ ವರದಿ, ಅಪಘಾತವಾದರೆ ಪೊಲೀಸ್ ವರದಿ, ಕೆಲಸ ಕೊಟ್ಟವನ ಬಾಕಿ ಲೆಕ್ಕ, ಶವ ಕೆಡದಂತೆ ಮಾಡಿದ ಸರ್ಟಿಫಿಕೇಟ್, ರದ್ದು ಮಾಡಿದ ಪಾಸ್‌ಪೋರ್ಟ್, ಊರಿನ ಮನೆಯವರ ಒಪ್ಪಿಗೆ ಪತ್ರ. ಗುರುವಾರ ಸಂಜೆ ಕಾಗದ ನಿಂತರೆ ಶುಕ್ರವಾರ, ಶನಿವಾರ ಅಲ್ಲಿ ಬಹಳ ದೇಶಗಳಲ್ಲಿ ರಜೆ.

ಒಂದು ಸಲ ಇದೇ ಮಂಡ್ಯ ಕಡೆಯ ಹುಡುಗನದು ಸಿಕ್ಕಿಹಾಕಿಕೊಂಡಿತು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಇನಿಷಿಯಲ್ ಬಿಡಿಸಿ ಊರಿನ ಹೆಸರೂ ಸೇರಿ ಇತ್ತು. ಊರಿಂದ ಬಂದ ಒಪ್ಪಿಗೆ ಪತ್ರದಲ್ಲಿ ಬರೀ ಒಂದಕ್ಷರ, ಆಮೇಲೆ ಗೌಡ. ತಾಯಿಯದ್ದು ಹೆಬ್ಬೆಟ್ಟು. ಅಲ್ಲಿನ ಗುಮಾಸ್ತನಿಗೆ ಇದು ಇಬ್ಬರು ಬೇರೆ ಬೇರೆ ಮನುಷ್ಯರು. ನಮ್ಮ ಸೆಕೆಂಡ್ ಸೆಕ್ರೆಟರಿ ಉತ್ತರದ ಕಡೆಯ ಹುಡುಗಿ, ಇನಿಷಿಯಲ್ ಅಂದರೆ ಏನು ಅಂತ ಅವಳಿಗೇ ನಾನು ಹೇಳಿಕೊಡಬೇಕಾಯಿತು. ಆಮೇಲೆ ಅವಳು ಆ ಗುಮಾಸ್ತನ ಮುಂದೆ ಕೂತು ಬಿಳಿ ಹಾಳೆ ಮೇಲೆ ಅಜ್ಜ, ಅಪ್ಪ, ಊರು, ಮಗ ಅಂತ ಅರೇಬಿಕ್‌ನಲ್ಲಿ ಬರೆದು ಗೆರೆ ಎಳೆದು ವಿವರಿಸಿದಳು. ಅವರಲ್ಲೂ ಅಪ್ಪನ ಹೆಸರು, ಅಜ್ಜನ ಹೆಸರು ಸಾಲಾಗಿ ಬರುತ್ತದಲ್ಲ, ಅವನಿಗೆ ಥಟ್ಟನೆ ಹೊಳೆಯಿತು. ಸೀಲು ಬಿತ್ತು. ಅವಳು ಅಲ್ಲಿಂದ ಸೀದಾ ಯಾವುದೋ ವ್ಯಾಪಾರ ನಿಯೋಗದ ಸ್ವಾಗತಕ್ಕೆ ಹೋದಳು.

ಪಾಂಡವಪುರ ಎಕ್ಸ್‌ಪ್ರೆಸ್:
ಇಂಥವರು ನಮ್ಮ ತಮ್ಮನಿಗೆ ಸಿಗಲಿಲ್ಲ, ಅಷ್ಟೇ ನನ್ನ ದುಃಖ. ಈಗ ಯಾರಾದರೂ ಹೀಗೆ ಸಿಕ್ಕಿಬಿದ್ದರೆ ಎಲ್ಲಿ ಬರೆಯಬೇಕು?

ಕುವೆಂಪುನಗರದ ನಿವೃತ್ತ:
2015ರಿಂದ ಮದದ್ ಅಂತ ಪೋರ್ಟಲ್ ಇದೆ. ಮನೆಯವರು ಇಲ್ಲಿಂದಲೇ ದೂರು ದಾಖಲು ಮಾಡಬಹುದು, ನಂಬರ್ ಬರುತ್ತದೆ, ಯಾರ ಮೇಜಿನ ಮೇಲೆ ನಿಂತಿದೆ ಅಂತ ಬೆನ್ನು ಹತ್ತಬಹುದು. ಫೋನಿಗಿಂತ ಇದು ವಾಸಿ. ಕೈಯಲ್ಲಿ ಕಾಸಿಲ್ಲದವರಿಗೆ ಟಿಕೆಟ್, ಊಟ, ವಕೀಲರಿಗೆ ಅಂತ ಸಮುದಾಯ ಕಲ್ಯಾಣ ನಿಧಿಯೂ ಕಚೇರಿಗಳಲ್ಲಿ ಇದೆ. ಬಾಯಿಬಿಟ್ಟು ಕೇಳಬೇಕು.

ಬಂಡಿಪಾಳ್ಯ:
ಪಾಸ್‌ಪೋರ್ಟ್ ಅಂದಾಗ ನೆನಪಾಯಿತು. ದೇಶದಲ್ಲೇ ಮೊದಲು ಪೋಸ್ಟ್ ಆಫೀಸಿನಲ್ಲಿ ಪಾಸ್‌ಪೋರ್ಟ್ ಕೇಂದ್ರ ಶುರು ಮಾಡಿದ್ದು ನಮ್ಮ ಮೈಸೂರಿನಲ್ಲಿ, 2017ರಲ್ಲಿ. ಗುಜರಾತಿನ ದಾಹೋದ್ ಮತ್ತೆ ನಾವು. ಅದಕ್ಕೆ ಮುಂಚೆ ಬೆಂಗಳೂರಿಗೆ ಓಡಬೇಕಿತ್ತು.

ಸಕ್ಕರೆ ನಾಡು:
ಮಂಡ್ಯದವರು ಮೈಸೂರಿಗೆ ಓಡಿದೆವು, ಅಷ್ಟೇ ವ್ಯತ್ಯಾಸ.

ಮದ್ದೂರಿನವನು:
ಎಲ್ಲರಿಗೂ ಥ್ಯಾಂಕ್ಸ್. ಇದೆಲ್ಲಾ ತಂಗಿಗೆ ಕಳಿಸಿದೆ. ಅತ್ತಿಗೆ ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಇದ್ದಳು, ಆಮೇಲೆ ಆ ಇನಿಷಿಯಲ್ ಕಥೆ ಎರಡು ಸಲ ಓದಿದಳು. ಫಾರಿನ್ ಸರ್ವಿಸ್ ಮೊದಲು, ಐಎಎಸ್ ಎರಡನೆಯದು ಅಂತಲೇ ಹಾಕುತ್ತಾಳಂತೆ. ಅಪ್ಪ ಮಾತು ಬಿಟ್ಟಿದ್ದಾರೆ. ಕುವೆಂಪುನಗರದ ಸಾರ್, ಅಪ್ಪನನ್ನು ಒಂದು ದಿನ ನಿಮ್ಮ ಹತ್ತಿರ ಕರೆದುಕೊಂಡು ಬರಬಹುದಾ?

ಕುವೆಂಪುನಗರದ ನಿವೃತ್ತ:
ಧಾರಾಳವಾಗಿ ಬನ್ನಿ. ಭಾನುವಾರ ಹತ್ತರ ಮೇಲೆ. ತಂಗಿಯೂ ಬರಲಿ, ಅತ್ತಿಗೆಯವರು ಊರಲ್ಲಿದ್ದರೆ ಅವರೂ ಬರಲಿ. ನನ್ನ ಮಾತು ಒಂದೇ ಕೇಳಿದರೆ ನಿಮ್ಮ ಅಪ್ಪ ಇನ್ನೊಂದು ಕಡೆ ಕೇಳಿಲ್ಲ ಅನ್ನುತ್ತಾರೆ.

ಜಯಲಕ್ಷ್ಮೀಪುರಂ ಅತ್ತಿಗೆ:
ಬರುತ್ತೇನೆ. ಯಜಮಾನರನ್ನು ಮಾತ್ರ ಕರೆದುಕೊಂಡು ಬರುವುದಿಲ್ಲ, ಅವರು ಎಲ್ಲದಕ್ಕೂ ಹೌದು ಅನ್ನುತ್ತಾರೆ.

ಚೆನ್ನಮ್ಮನಕೊಪ್ಪಲು:
ಮೊದಲು ಮೇನ್ಸ್ ಬರೆಯಲಿ ಬಿಡ್ರಪ್ಪ.